ಒಂಟಾರಿಯೊದ ಲಂಡನ್‌ನಲ್ಲಿ ಮೇಯರ್, ಕೌನ್ಸಿಲರ್ ಚುನಾವಣೆ: ಮತ ಹಾಕುವುದು ಹೇಗೆ?

"ನನಗೆ ಇಲ್ಲಿ ಓಟಿದೆಯಾ?" "ಪಾಸ್‌ಪೋರ್ಟ್ ತಗೊಂಡು ಹೋದರೆ ಸಾಕಾ?" "ಆ ಟ್ರಸ್ಟಿ ಅಂದರೆ ಯಾರು?" ನಗರದ ಚುನಾವಣೆ ಹತ್ತಿರ ಬಂದಾಗೆಲ್ಲ ಇಲ್ಲಿನ ಕನ್ನಡಿಗರು ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವಾಗ ಏನಾದರೂ ಒಂದು ಬಿಟ್ಟುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನಾನು ಹೇಳುತ್ತಿರುವುದು ಇಂಗ್ಲೆಂಡಿನ ಲಂಡನ್ ಅಲ್ಲ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್. ಟೊರೊಂಟೊದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. 2021ರ ಜನಗಣತಿಯಲ್ಲಿ ಜನಸಂಖ್ಯೆ 4.22 ಲಕ್ಷ. ಮುಂದಿನ ಚುನಾವಣೆ 2026ರ ಅಕ್ಟೋಬರ್ 26, ಸೋಮವಾರ. ದಸರಾ ಮುಗಿದಿರುತ್ತದೆ, ರಾಜ್ಯೋತ್ಸವಕ್ಕೆ ಇನ್ನೂ ಆರು ದಿನ ಇರುತ್ತದೆ. ನೆನಪಿಟ್ಟುಕೊಳ್ಳುವುದು ಸುಲಭ, ಅಲ್ವಾ?

ಒಂಟಾರಿಯೊದ ಎಲ್ಲ ಊರುಗಳಲ್ಲೂ ನಗರದ ಚುನಾವಣೆ ಇದೇ ದಿನ, 1996ರ ಪ್ರಾಂತ್ಯ ಕಾಯ್ದೆಯ ಪ್ರಕಾರ ನಡೆಯುತ್ತದೆ. ಹಾಗಾಗಿ ಗ್ವೆಲ್ಫ್, ವಾಟರ್ಲೂ, ಹ್ಯಾಮಿಲ್ಟನ್ ಕಡೆ ಇರುವವರಿಗೂ ಇಲ್ಲಿ ಹೇಳಿರುವ ಹೆಚ್ಚಿನ ಮಾತು ಅನ್ವಯಿಸುತ್ತದೆ. ಕೆಲವು ಊರುಗಳಲ್ಲಿ ಇಂಟರ್ನೆಟ್ ಮೂಲಕ ಮತ ಹಾಕಬಹುದು, ಲಂಡನ್‌ನಲ್ಲಿ ಕಾಗದದ ಬ್ಯಾಲೆಟ್. ಬೇರೆ ಪ್ರಾಂತ್ಯಗಳ ನಿಯಮವೇ ಬೇರೆ.

ಮೊದಲು ಒಂದು ಮಾತು. 2022ರಲ್ಲಿ ಈ ನಗರದಲ್ಲಿ ಮತ ಹಾಕಿದ್ದು ಹೆಚ್ಚೂಕಡಿಮೆ ನಾಲ್ಕು ಮತದಾರರಲ್ಲಿ ಒಬ್ಬರು. ಪ್ರಧಾನಿ ಯಾರಾಗಬೇಕು ಎಂದು ರಾತ್ರಿಯೆಲ್ಲ ಚರ್ಚೆ ಮಾಡುವ ನಾವು, ಮನೆ ಮುಂದಿನ ಬಸ್ಸು, ಕಸ, ಹಿಮ, ಮನೆ ತೆರಿಗೆಯನ್ನು ತೀರ್ಮಾನಿಸುವ ಚುನಾವಣೆಯ ದಿನ ಮನೆಯಲ್ಲೇ ಉಳಿಯುತ್ತೇವೆ. ಇದು ನನಗೆ ನಿಜವಾಗಿಯೂ ಬೇಸರದ ವಿಷಯ. ಇಷ್ಟು ಕಡಿಮೆ ಜನ ಮತ ಹಾಕುವ ಕಡೆ ಒಂದೊಂದು ಮತದ ತೂಕವೂ ಜಾಸ್ತಿ.

1. ನಿಮಗೆ ಮತ ಇದೆಯೇ, ನೋಡಿಕೊಳ್ಳಿ

ಮೂರು ವಿಷಯ ಇರಬೇಕು. ಮತದಾನದ ದಿನಕ್ಕೆ 18 ವರ್ಷ ತುಂಬಿರಬೇಕು. ಕೆನಡಾದ ಪೌರತ್ವ ಇರಬೇಕು. ಲಂಡನ್‌ನಲ್ಲಿ ವಾಸ ಇರಬೇಕು, ಇಲ್ಲವೇ ಇಲ್ಲಿ ನಿಮ್ಮದೋ ನಿಮ್ಮ ಗಂಡ ಅಥವಾ ಹೆಂಡತಿಯದೋ ಸ್ವಂತ ಇಲ್ಲವೇ ಬಾಡಿಗೆ ಆಸ್ತಿ ಇರಬೇಕು.

ಪಿಆರ್ ಇರುವವರಿಗೆ, ಅಂದರೆ ಕಾಯಂ ನಿವಾಸಿಗಳಿಗೆ, ಮತ ಇಲ್ಲ. ಎಷ್ಟು ವರ್ಷದಿಂದ ತೆರಿಗೆ ಕಟ್ಟುತ್ತಿದ್ದರೂ ಇಲ್ಲ. ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಇರುವವರಿಗೂ ಇಲ್ಲ. ಒಸಿಐ ಕಾರ್ಡ್ ಇರುವವರು ಸುಮ್ಸುಮ್ನೆ ಗೊಂದಲ ಮಾಡಿಕೊಳ್ಳುತ್ತಾರೆ. ಒಸಿಐ ಭಾರತದ ಕಡೆಯ ವ್ಯವಸ್ಥೆ. ಕೆನಡಾದ ಪೌರತ್ವ ತೆಗೆದುಕೊಂಡಿದ್ದರೆ ನಿಮಗೆ ಇಲ್ಲಿ ಪೂರ್ತಿ ಹಕ್ಕಿದೆ. ಪೌರತ್ವದ ಪ್ರಮಾಣವಚನ ಅಕ್ಟೋಬರ್ ಮಧ್ಯದಲ್ಲಿ ಆದರೂ 26ಕ್ಕೆ ಹೋಗಿ ಮತ ಹಾಕಬಹುದು.

ಎಚ್ಚರಿಕೆ: ಮನೆಗೆ ನಿಮ್ಮ ಹೆಸರಿನಲ್ಲಿ ಚುನಾವಣೆಯ ಪತ್ರ ಬಂದಿದೆ ಅಂದ ಮಾತ್ರಕ್ಕೆ ನಿಮಗೆ ಮತ ಇದೆ ಎಂದಲ್ಲ. ಪಟ್ಟಿಯಲ್ಲಿ ತಪ್ಪು ಇರಬಹುದು. ಹಕ್ಕಿಲ್ಲದೆ ಮತ ಹಾಕುವುದು ಅಪರಾಧ. ಪಿಆರ್ ಇದ್ದವರು ಅಂಥ ಪತ್ರ ಬಂದರೆ ಹೆಸರು ತೆಗೆಸಿ.

ಇನ್ನು ಎರಡು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ನೀವು ಮಿಸಿಸಾಗಾದಲ್ಲಿ ಇದ್ದು ಲಂಡನ್‌ನಲ್ಲಿ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದರೆ ಎರಡೂ ಊರಿನ ಕೌನ್ಸಿಲ್‌ಗೆ ಮತ ಹಾಕಬಹುದು. ಮನೆ ಕಂಪನಿಯ ಹೆಸರಿನಲ್ಲಿದ್ದರೆ ಆಗದು. ಒಂದೇ ಊರಿನಲ್ಲಿ ನಾಲ್ಕು ಮನೆ ಇದ್ದರೂ ಒಂದೇ ಮತ. ಎರಡನೆಯದು ವಿದ್ಯಾರ್ಥಿಗಳ ವಿಷಯ. ಬ್ರ್ಯಾಂಪ್ಟನ್‌ನಲ್ಲಿ ಮನೆ ಇದ್ದು, ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲೋ ಫ್ಯಾನ್‌ಶಾ ಕಾಲೇಜಿನಲ್ಲೋ ಓದಲು ಲಂಡನ್‌ನಲ್ಲಿ ರೂಮ್ ಮಾಡಿಕೊಂಡಿರುವ ನಿಮ್ಮ ಮಗಳು ಕೆನಡಾ ಪ್ರಜೆಯಾಗಿದ್ದರೆ, ಅವಳಿಗೂ ಎರಡೂ ಊರಿನಲ್ಲಿ ಮತ ಇದೆ. ದಯವಿಟ್ಟು ಈ ಮಾತನ್ನು ಮಕ್ಕಳಿಗೆ ಹೇಳಿ.

2. ಯಾರನ್ನು ಆರಿಸುತ್ತಿದ್ದೀರಿ, ಅರ್ಥ ಮಾಡಿಕೊಳ್ಳಿ

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನಾವು ಕಾರ್ಪೊರೇಟರ್‌ನ ಆರಿಸಿ ಅಭ್ಯಾಸ. ಅವರೆಲ್ಲ ಸೇರಿ ಮೇಯರ್ ಯಾರೆಂದು ತೀರ್ಮಾನಿಸುತ್ತಾರೆ. ಇಲ್ಲಿ ಮೇಯರ್‌ಗೆ ನೀವೇ ನೇರವಾಗಿ ಮತ ಹಾಕುತ್ತೀರಿ. ಅವಧಿ ನಾಲ್ಕು ವರ್ಷ. ಕಾರ್ಪೊರೇಟರ್ ಜಾಗದಲ್ಲಿ ಇಲ್ಲಿ ವಾರ್ಡ್ ಕೌನ್ಸಿಲರ್. 2022ರ ಚುನಾವಣೆಯಲ್ಲಿ ಲಂಡನ್‌ನಲ್ಲಿ 14 ವಾರ್ಡ್, ಮೇಯರ್ ಸೇರಿ ಕೌನ್ಸಿಲ್‌ನಲ್ಲಿ 15 ಜನ. ಆಗ ಮೇಯರ್ ಆಗಿ ಗೆದ್ದವರು ಜಾಶ್ ಮಾರ್ಗನ್.

ಈಗ ಮೇಯರ್ ಕೈಯಲ್ಲಿ ಮುಂಚಿಗಿಂತ ಹೆಚ್ಚು ಅಧಿಕಾರ ಇದೆ. ಇದನ್ನು ಇಲ್ಲಿ "ಸ್ಟ್ರಾಂಗ್ ಮೇಯರ್" ಅಧಿಕಾರ ಅನ್ನುತ್ತಾರೆ. 2023ರ ಜುಲೈನಿಂದ ಲಂಡನ್ ಮೇಯರ್‌ಗೂ ಅದು ಬಂದಿದೆ. ಬಜೆಟ್ ಮಂಡಿಸುವುದು, ಕೆಲವು ದೊಡ್ಡ ಅಧಿಕಾರಿಗಳನ್ನು ನೇಮಿಸುವುದು, ಕೆಲವು ತೀರ್ಮಾನಗಳನ್ನು ತಡೆಹಿಡಿಯುವುದು ಅದರಲ್ಲಿ ಸೇರಿದೆ. ಹಾಗಾಗಿ "ಮೇಯರ್ ಬರೀ ರಿಬ್ಬನ್ ಕತ್ತರಿಸುವವರು" ಎಂದುಕೊಳ್ಳಬೇಡಿ.

ಮೂರನೆಯದು ಶಾಲಾ ಮಂಡಳಿಯ ಟ್ರಸ್ಟಿ, ಅಂದರೆ ಶಾಲೆಗಳ ಆಡಳಿತ ನೋಡುವ ಮಂಡಳಿಗೆ ನಾವು ಆರಿಸುವ ಸದಸ್ಯ. ಇಲ್ಲಿ ನಾಲ್ಕು ಮಂಡಳಿಗಳಿವೆ. ಇಂಗ್ಲಿಷ್ ಸಾರ್ವಜನಿಕ ಶಾಲೆಗಳದ್ದು ಥೇಮ್ಸ್ ವ್ಯಾಲಿ, ಇಂಗ್ಲಿಷ್ ಕ್ಯಾಥೊಲಿಕ್ ಶಾಲೆಗಳದ್ದು ಲಂಡನ್ ಡಿಸ್ಟ್ರಿಕ್ಟ್ ಕ್ಯಾಥೊಲಿಕ್, ಫ್ರೆಂಚ್ ಶಾಲೆಗಳದ್ದು ವಿಯಾಮೊಂಡ್ ಮತ್ತು ಪ್ರಾವಿಡೆನ್ಸ್. ನೀವು ಒಂದು ಮಂಡಳಿಗೆ ಮಾತ್ರ ಮತ ಹಾಕುತ್ತೀರಿ. ಏನೂ ಹೇಳದಿದ್ದರೆ ನಿಮ್ಮನ್ನು ಇಂಗ್ಲಿಷ್ ಸಾರ್ವಜನಿಕ ಮಂಡಳಿಗೆ ಸೇರಿಸಿರುತ್ತಾರೆ. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಕುಟುಂಬಗಳು ಇದನ್ನು ಗಮನಿಸಬೇಕು. ಕ್ಯಾಥೊಲಿಕ್ ಮಂಡಳಿಗೆ ಮತ ಹಾಕಬೇಕಿದ್ದರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಹಾಗೆ ನಮೂದಾಗಿರಬೇಕು. ಮಕ್ಕಳು ಆ ಶಾಲೆಗೆ ಹೋಗುತ್ತಾರೆ ಅಂದರೆ ತಾನಾಗಿಯೇ ಬದಲಾಗಿರುತ್ತದೆ ಎಂದು ನಂಬಿ ಕೂರಬೇಡಿ. ಇನ್ನೊಂದು ವಿಷಯ: 2025ರಲ್ಲಿ ಪ್ರಾಂತ್ಯ ಸರ್ಕಾರ ಥೇಮ್ಸ್ ವ್ಯಾಲಿ ಮಂಡಳಿಯ ಆಡಳಿತವನ್ನು ತನ್ನ ಮೇಲ್ವಿಚಾರಕರ ಕೈಗೆ ಕೊಟ್ಟಿತು. ಹಾಗಾಗಿ ಟ್ರಸ್ಟಿ ವಿಷಯದಲ್ಲಿ ಹಳೆಯ ನೆನಪನ್ನು ನಂಬದೆ, ಈ ಸಲದ ಬ್ಯಾಲೆಟ್‌ನಲ್ಲಿ ಏನಿದೆ ಎಂದು ನಗರದ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ.

3. ಪಟ್ಟಿಯಲ್ಲಿ ಹೆಸರು ಇದೆಯೇ, ಈಗಲೇ ನೋಡಿ

ಜನ ಎಡವುವುದು ಇಲ್ಲೇ. ಕಳೆದ ಸಲ ಸಂಸತ್ ಚುನಾವಣೆಗೆ ಮತ ಹಾಕಿದ್ದೇನೆ, ಹೆಸರು ಇದ್ದೇ ಇರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸಂಸತ್ತಿನ ಪಟ್ಟಿ ನೋಡಿಕೊಳ್ಳುವುದು ಎಲೆಕ್ಷನ್ಸ್ ಕೆನಡಾ. ನಗರದ ಚುನಾವಣೆಗೆ ಮೂಲ ಪಟ್ಟಿ ಕೊಡುವುದು ಎಲೆಕ್ಷನ್ಸ್ ಒಂಟಾರಿಯೊ, 2024ರಿಂದ ಈ ಕೆಲಸ ಅವರದ್ದು. ಎಲೆಕ್ಷನ್ಸ್ ಒಂಟಾರಿಯೊ ವೆಬ್‌ಸೈಟ್‌ಗೆ ಹೋಗಿ ಹೆಸರು, ವಿಳಾಸ, ಹುಟ್ಟಿದ ದಿನ ಹಾಕಿ ಪರೀಕ್ಷಿಸಿ. ಮನೆ ಬದಲಿಸಿದ್ದರೆ ಅಲ್ಲೇ ತಿದ್ದಿ. ಐದು ನಿಮಿಷದ ಕೆಲಸ.

ಸೆಪ್ಟೆಂಬರ್‌ನಿಂದ ಪಟ್ಟಿ ಸಿಟಿ ಕ್ಲರ್ಕ್ ಕೈಗೆ ಬರುತ್ತದೆ. ಆಮೇಲೆ ತಿದ್ದುಪಡಿ ಬೇಕಿದ್ದರೆ ಅಲ್ಲೇ ಕೇಳಬೇಕು. ಕ್ಲರ್ಕ್ ಅಂದ ಕೂಡಲೇ ನಮಗೆ ಕಚೇರಿಯ ಗುಮಾಸ್ತರು ನೆನಪಾಗುತ್ತಾರೆ. ಇಲ್ಲಿ ಸಿಟಿ ಕ್ಲರ್ಕ್ ಅಂದರೆ ಇಡೀ ಚುನಾವಣೆಯನ್ನು ನಡೆಸುವ ಹಿರಿಯ ಅಧಿಕಾರಿ. ನಿಮ್ಮ ಯಾವುದೇ ಅನುಮಾನಕ್ಕೆ ಕೊನೆಯ ಉತ್ತರ ಅವರ ಕಚೇರಿಯದ್ದು.

ನಮ್ಮ ಹೆಸರುಗಳಿಗೆ ಇಲ್ಲೊಂದು ಬೇರೆಯೇ ತೊಂದರೆ ಇದೆ. ಇನಿಶಿಯಲ್ ಬಿಡಿಸಿ ಬರೆದಾಗ ಅಪ್ಪನ ಹೆಸರು ಮೊದಲ ಹೆಸರಾಗಿರುತ್ತದೆ, ಊರಿನ ಹೆಸರು ಸರ್‌ನೇಮ್ ಆಗಿರುತ್ತದೆ. ಲೈಸೆನ್ಸ್‌ನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ. ಪಟ್ಟಿಯಲ್ಲಿ ಹುಡುಕಿದಾಗ ಸಿಗದಿದ್ದರೆ ಹೆಸರನ್ನು ತಿರುಗಿಸಿ ಹಾಕಿ ನೋಡಿ. ಸಿಕ್ಕಿದ ಮೇಲೆ, ನೀವು ತೋರಿಸಲಿರುವ ದಾಖಲೆಯಲ್ಲಿ ಹೇಗಿದೆಯೋ ಹಾಗೇ ತಿದ್ದಿಸಿ.

ಕೊನೆಯ ದಿನದವರೆಗೂ ಹೆಸರು ಸೇರಿಸಿರಲಿಲ್ಲವೇ? ಗಾಬರಿ ಬೇಡ. ಮತಗಟ್ಟೆಯಲ್ಲೇ ಫಾರಂ ತುಂಬಿ, ದಾಖಲೆ ತೋರಿಸಿ ಸೇರಿಸಿಕೊಳ್ಳಬಹುದು. ಆದರೆ ಮೊದಲೇ ಮಾಡಿದರೆ ಅಲ್ಲಿ ಅರ್ಧ ಗಂಟೆ ಉಳಿಯುತ್ತದೆ.

4. ವಿಳಾಸ ಇರುವ ದಾಖಲೆ ಹುಡುಕಿ ಇಟ್ಟುಕೊಳ್ಳಿ

ಊರಿನಲ್ಲಿ ಇದ್ದ ಹಾಗೆ ಇಲ್ಲಿ ವೋಟರ್ ಐಡಿ ಕಾರ್ಡ್ ಇಲ್ಲ. ನಿಮ್ಮ ಹೆಸರು ಮತ್ತು ಲಂಡನ್ ವಿಳಾಸ, ಎರಡೂ ಒಂದೇ ದಾಖಲೆಯಲ್ಲಿ ಇರಬೇಕು. ಫೋಟೊ ಇರಲೇಬೇಕು ಅಂತೇನಿಲ್ಲ.

ಒಂಟಾರಿಯೊ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು. ಕಾರು ಓಡಿಸದವರಿಗೆ ಪ್ರಾಂತ್ಯ ಕೊಡುವ ಫೋಟೊ ಕಾರ್ಡ್ ಆಗುತ್ತದೆ. ಬ್ಯಾಂಕ್ ಅಥವಾ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್, ಮನೆ ಬಾಡಿಗೆ ಕರಾರು, ಮಾರ್ಟ್‌ಗೇಜ್ ಪತ್ರ, ಇನ್ಶೂರೆನ್ಸ್ ಪಾಲಿಸಿ, ಫೋನ್ ಬಿಲ್, ನೀರಿನ ಬಿಲ್, ಹೈಡ್ರೋ ಬಿಲ್ ಇವೂ ನಡೆಯುತ್ತವೆ. ಹೈಡ್ರೋ ಅಂದರೆ ಇಲ್ಲಿ ಕರೆಂಟ್ ಬಿಲ್, ಹೊಸಬರು ನೀರಿನ ಬಿಲ್ ಎಂದುಕೊಳ್ಳುತ್ತಾರೆ.

ಪಾಸ್‌ಪೋರ್ಟ್ ಒಂದನ್ನೇ ಹಿಡಿದುಕೊಂಡು ಹೋಗಬೇಡಿ. ಅದರಲ್ಲಿ ವಿಳಾಸ ಅಚ್ಚಾಗಿರುವುದಿಲ್ಲ. ಪೌರತ್ವದ ಕಾಗದದಲ್ಲೂ ವಿಳಾಸ ಇಲ್ಲ. ನಗರದಿಂದ ಅಂಚೆಯಲ್ಲಿ ಬರುವ ಮಾಹಿತಿ ಪತ್ರ ತೆಗೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ, ಆದರೆ ಅದೊಂದೇ ಗುರುತಿನ ದಾಖಲೆಯಾಗುವುದಿಲ್ಲ.

ಮನೆಯ ಹೆಂಗಸರು ಮತ್ತು ಊರಿನಿಂದ ಬಂದು ಮಕ್ಕಳ ಜೊತೆ ನೆಲೆಸಿ ಪೌರತ್ವ ಪಡೆದ ಅಪ್ಪ ಅಮ್ಮಂದಿರ ಬಗ್ಗೆ ವಿಶೇಷವಾಗಿ ಹೇಳಬೇಕು. ಬಿಲ್ಲುಗಳೆಲ್ಲ ಒಬ್ಬರ ಹೆಸರಿನಲ್ಲೇ ಇರುತ್ತವೆ. ಬ್ಯಾಂಕಿನಿಂದ ಕಾಗದ ಬರುವುದು ನಿಂತು ಎಷ್ಟೋ ವರ್ಷ ಆಗಿರುತ್ತದೆ. 2022ರಲ್ಲಿ ನಮ್ಮ ಬೀದಿಯ ಒಬ್ಬ ಹಿರಿಯರು ಔಷಧಿ ಚೀಟಿ, ಪಾಸ್‌ಪೋರ್ಟ್, ಮಗನ ಹೈಡ್ರೋ ಬಿಲ್ ಎಲ್ಲ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ತಂದಿದ್ದರು. ಅವರ ಹೆಸರೂ ವಿಳಾಸವೂ ಒಟ್ಟಿಗೆ ಇದ್ದ ಕಾಗದ ಒಂದೂ ಇರಲಿಲ್ಲ. ಹೆಸರು ಪಟ್ಟಿಯಲ್ಲಿತ್ತು, ಹಾಗಾಗಿ "ನಾನು ಇಂಥವರೇ, ಇಲ್ಲೇ ಇದ್ದೇನೆ" ಎಂಬ ಘೋಷಣೆಯ ಫಾರಂಗೆ ಸಹಿ ಹಾಕಿಸಿಕೊಂಡು ಬ್ಯಾಲೆಟ್ ಕೊಟ್ಟರು. ಈ ಫಾರಂ ಇದೆ ಎಂದು ಗೊತ್ತಿರದೆ ವಾಪಸ್ ಹೋಗುವವರು ಇದ್ದಾರೆ. ನೀವು ಹೋಗಬೇಡಿ, ಕೇಳಿ. ಸಾಧ್ಯವಾದರೆ ಮೊದಲೇ ಅಮ್ಮನ ಹೆಸರಿನ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದನ್ನು ಪ್ರಿಂಟ್ ಮಾಡಿ ಲಕೋಟೆಯಲ್ಲಿ ಹಾಕಿಡಿ.

5. ವಾರ್ಡ್ ಯಾವುದು, ನಿಂತಿರುವವರು ಯಾರು

ವಾರ್ಡ್ ಬೇರೆ, ರೈಡಿಂಗ್ ಬೇರೆ. ರೈಡಿಂಗ್ ಅಂದರೆ ಸಂಸತ್ತು ಮತ್ತು ಪ್ರಾಂತ್ಯದ ಚುನಾವಣೆಯ ಕ್ಷೇತ್ರ. ನಗರಕ್ಕೆ ವಾರ್ಡ್. ವಿಳಾಸ ಹಾಕಿ ಈ ಸಲದ ವಾರ್ಡ್ ಯಾವುದೆಂದು ನಗರದ ವೆಬ್‌ಸೈಟ್‌ನಲ್ಲಿ ನೋಡಿ. 2022ರ ನಂಬರನ್ನೇ ನಂಬಬೇಡಿ, ಗಡಿಗಳು ಬದಲಾಗುವುದುಂಟು.

ನಾಮಪತ್ರದ ಅವಧಿ ಮೇ 1ರಿಂದ ಆಗಸ್ಟ್ 21ರ ಮಧ್ಯಾಹ್ನ 2 ಗಂಟೆವರೆಗೆ. ಅದು ಮುಗಿದ ಮೇಲೆ ಪಟ್ಟಿ ಖಚಿತವಾಗುತ್ತದೆ. ಒಂದು ಸ್ಥಾನಕ್ಕೆ ಒಬ್ಬರೇ ನಿಂತಿದ್ದರೆ ಅವರು ಅವಿರೋಧವಾಗಿ ಆಯ್ಕೆಯಾಗುತ್ತಾರೆ.

ಬ್ಯಾಲೆಟ್‌ನಲ್ಲಿ ಪಕ್ಷದ ಹೆಸರು ಇಲ್ಲ, ಚಿಹ್ನೆ ಇಲ್ಲ. ಬರೀ ಹೆಸರುಗಳು. ಕಮಲ, ಕೈ, ತೆನೆಹೊತ್ತ ಮಹಿಳೆ ನೋಡಿ ಬೆಳೆದ ನಮಗೆ ಇದು ಕಷ್ಟವೇ. ಅದಕ್ಕೇ ಸ್ವಲ್ಪ ಮನೆಪಾಠ ಬೇಕು. ಈಗಾಗಲೇ ಕೌನ್ಸಿಲರ್ ಆಗಿದ್ದು ಮತ್ತೆ ನಿಂತಿರುವವರಾದರೆ, ಯಾವ ವಿಷಯಕ್ಕೆ ಹೇಗೆ ಮತ ಹಾಕಿದ್ದಾರೆ ಎಂದು ಕೌನ್ಸಿಲ್ ಸಭೆಯ ನಡಾವಳಿಯಲ್ಲಿ ಸಿಗುತ್ತದೆ. ಬಾಗಿಲಿಗೆ ಬಂದು ಹೇಳುವ ಮಾತಿಗಿಂತ ಅದು ನಂಬಿಕೆಗೆ ಯೋಗ್ಯ.

ಕೌನ್ಸಿಲ್‌ನ ಒಂದು ಮತ ಏನು ಮಾಡುತ್ತದೆ ಎನ್ನುವುದಕ್ಕೆ ಬಸ್ಸಿನ ಉದಾಹರಣೆ ನೋಡಿ. ಬಸ್ಸಿಗೇ ಮೀಸಲಾದ ರಸ್ತೆಪಟ್ಟಿಯ ಯೋಜನೆ 2018ರ ಚುನಾವಣೆಯ ದೊಡ್ಡ ಜಗಳವಾಗಿತ್ತು. ಗೆದ್ದು ಬಂದ ಕೌನ್ಸಿಲ್ 2019ರಲ್ಲಿ ಪೇಟೆ, ಪೂರ್ವ ಮತ್ತು ದಕ್ಷಿಣದ ದಾರಿಗೆ ಒಪ್ಪಿತು. ಉತ್ತರ ಮತ್ತು ಪಶ್ಚಿಮದ ದಾರಿಯನ್ನು ಕೈಬಿಟ್ಟಿತು. ವೆಸ್ಟರ್ನ್ ಮತ್ತು ಮೇಸನ್‌ವಿಲ್ ಕಡೆಗೆ ಹೋಗಬೇಕಿದ್ದದ್ದು ಆ ಉತ್ತರದ ದಾರಿ. ಮನೆ ತೆರಿಗೆಯದ್ದೂ ಇದೇ ಕಥೆ. ಇಲ್ಲಿ ನಾಲ್ಕು ವರ್ಷಕ್ಕೆ ಒಟ್ಟಿಗೆ ಬಜೆಟ್ ಮಾಡುತ್ತಾರೆ. 2024ರಿಂದ 2027ರ ಬಜೆಟ್‌ನ ಮೊದಲ ವರ್ಷವೇ ತೆರಿಗೆ ಶೇ. 8ಕ್ಕಿಂತ ಹೆಚ್ಚು ಏರಿತು. ಈಗ ಆರಿಸುವವರು ಅದರ ಮುಂದಿನ ನಾಲ್ಕು ವರ್ಷದ ಲೆಕ್ಕ ಬರೆಯುತ್ತಾರೆ.

ಅಭ್ಯರ್ಥಿ ಬಾಗಿಲು ತಟ್ಟಿದಾಗ ಆರೋಗ್ಯ ಕಾರ್ಡ್, ವೀಸಾ, ವಲಸೆ ನೀತಿ ಕೇಳಿ ಪ್ರಯೋಜನವಿಲ್ಲ. ಅದು ಅವರ ಕೈಯಲ್ಲಿಲ್ಲ. ನಮ್ಮ ರಸ್ತೆಗೆ ಭಾನುವಾರ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ? ಫುಟ್‌ಪಾತಿನ ಹಿಮ ತೆಗೆಯುವುದು ಯಾಕೆ ತಡ? ಮಕ್ಕಳಿಗೆ ಕ್ರಿಕೆಟ್ ಆಡಲು ಜಾಗ ಎಲ್ಲಿ? 2024ರಲ್ಲಿ ಗ್ರೀನ್ ಬಿನ್ ಬಂದ ಮೇಲೆ ಉಳಿದ ಕಸ ಎರಡು ವಾರಕ್ಕೊಮ್ಮೆ ಒಯ್ಯುವುದು ನಿಮಗೆ ಸರಿಯೇ? ಇಂಥದ್ದು ಕೇಳಿ. "ನೋಡೋಣ" ಎನ್ನುವವರು ಯಾರು, ವಿಷಯ ತಿಳಿದು ಮಾತಾಡುವವರು ಯಾರು ಎಂದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

6. ಮತ ಹಾಕುವ ದಿನ

ಅಕ್ಟೋಬರ್ 26ರಂದು ಬೆಳಗ್ಗೆ 10ರಿಂದ ರಾತ್ರಿ 8. ಮುಂಚಿತ ಮತದಾನದ ದಿನಗಳೂ ಇರುತ್ತವೆ, ದಿನಾಂಕ ಮತ್ತು ಜಾಗ ನಗರದ ವೆಬ್‌ಸೈಟ್‌ನಲ್ಲಿ ಬರುತ್ತದೆ. ಮಕ್ಕಳಿರುವ ಮನೆಯವರಿಗೆ ಅದೇ ವಾಸಿ.

ಅವತ್ತು ರಜೆ ಇರುವುದಿಲ್ಲ. ಆದರೆ 10ರಿಂದ 8ರ ನಡುವೆ ನಿಮಗೆ ಸತತ ಮೂರು ಗಂಟೆ ಬಿಡುವು ಸಿಗಬೇಕು ಎಂದು ಕಾಯ್ದೆ ಹೇಳುತ್ತದೆ. ಶಿಫ್ಟ್ ಹಾಗಿಲ್ಲದಿದ್ದರೆ ಬೇಕಾದಷ್ಟು ಹೊತ್ತು ಬಿಡಬೇಕು, ಸಂಬಳ ಕಡಿಯುವಂತಿಲ್ಲ. ಯಾವ ಹೊತ್ತಿನಲ್ಲಿ ಬಿಡುವುದು ಎನ್ನುವುದು ಮಾಲೀಕರ ಅನುಕೂಲ. ಗೋದಾಮು, ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಹಿಂದಿನ ವಾರವೇ ಸೂಪರ್‌ವೈಸರ್‌ಗೆ ಹೇಳಿಡಿ.

ಬೆರಳಿಗೆ ಶಾಯಿ ಇಲ್ಲ, ಮೆಷಿನ್ ಬಟನ್ ಇಲ್ಲ. ಹೆಸರಿನ ಪಕ್ಕದ ಗುರುತಿನ ಜಾಗವನ್ನು ಅಲ್ಲಿ ಕೊಡುವ ಪೆನ್ನಿನಿಂದ ತುಂಬಬೇಕು. 2018ರಲ್ಲಿ ಇಲ್ಲಿ ಮತ ಹಾಕಿದ್ದವರು ಇದನ್ನು ಗಮನಿಸಿ: ಆಗ ಮೊದಲ, ಎರಡನೇ, ಮೂರನೇ ಆಯ್ಕೆ ಎಂದು ಕ್ರಮ ಕೊಡುವ ಪದ್ಧತಿ ಇತ್ತು. ಕೆನಡಾದಲ್ಲಿ ಅದನ್ನು ಆ ಕಾಲದಲ್ಲಿ ಮೊದಲು ಬಳಸಿದ ನಗರ ನಮ್ಮದೇ. 2020ರಲ್ಲಿ ಪ್ರಾಂತ್ಯ ಸರ್ಕಾರ ಅದನ್ನು ರದ್ದು ಮಾಡಿತು. ಈಗ ಮೇಯರ್‌ಗೆ ಒಬ್ಬರು, ಕೌನ್ಸಿಲರ್‌ಗೆ ಒಬ್ಬರು ಅಷ್ಟೇ. ಇಬ್ಬರಿಗೆ ಗುರುತು ಹಾಕಿದರೆ ಆ ಸ್ಥಾನದ ಮತ ಲೆಕ್ಕಕ್ಕಿಲ್ಲ. ಗೊತ್ತಿಲ್ಲದ ಸ್ಥಾನವನ್ನು ಖಾಲಿ ಬಿಟ್ಟರೆ ಉಳಿದ ಮತ ಹಾಳಾಗುವುದಿಲ್ಲ. ತಪ್ಪಾಗಿ ಗುರುತು ಹಾಕಿದರೆ ಪೆಟ್ಟಿಗೆಗೆ ಹಾಕುವ ಮುಂಚೆ ವಾಪಸ್ ಕೊಟ್ಟು ಹೊಸ ಬ್ಯಾಲೆಟ್ ಕೇಳಿ, ಕೊಡುತ್ತಾರೆ. ಬ್ಯಾಲೆಟ್‌ನ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಕಣ್ಣು ಮಂಜು ಎಂದಾದರೆ ಅಲ್ಲಿನ ಅಧಿಕಾರಿಗೆ ಹೇಳಿ. ಸಹಾಯಕ್ಕೆ ಒಬ್ಬರನ್ನು ಬಿಡುತ್ತಾರೆ. ಸಹಾಯ ಮಾಡುವವರು ಗುಟ್ಟು ಕಾಪಾಡುತ್ತೇನೆ ಎಂದು ಮಾತು ಕೊಡಬೇಕು. ಯಾರಿಗೆ ಹಾಕಬೇಕು ಎಂದು ಹೇಳುವುದು ಅಪ್ಪನ ಕೆಲಸ, ನಿಮ್ಮದಲ್ಲ.

7. ಊರಿಗೆ ಹೋಗುತ್ತಿದ್ದರೆ

ದಸರಾ, ದೀಪಾವಳಿಗೆಂದು ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಟಿಕೆಟ್ ಮಾಡಿಸಿದವರು ತುಂಬ ಜನ. ನಿಮಗಾಗಿ ಪ್ರಾಕ್ಸಿ ವ್ಯವಸ್ಥೆ ಇದೆ, ಅಂದರೆ ನಿಮ್ಮ ಪರವಾಗಿ ಇನ್ನೊಬ್ಬರು ಮತ ಹಾಕುವುದು. ಆ ಇನ್ನೊಬ್ಬರೂ ಲಂಡನ್ ಮತದಾರರೇ ಆಗಿರಬೇಕು. ಫಾರಂಗೆ ನೀವು ಸಹಿ ಹಾಕಬೇಕು. ಅವರು ಅದನ್ನು ಕ್ಲರ್ಕ್ ಕಚೇರಿಗೆ ತಾವೇ ಒಯ್ದು ಮುದ್ರೆ ಹಾಕಿಸಿಕೊಂಡು ಮತಗಟ್ಟೆಗೆ ತರಬೇಕು. ಮನೆಯವರಲ್ಲದಿದ್ದರೆ ಒಬ್ಬರು ಒಬ್ಬರಿಗೆ ಮಾತ್ರ ಪ್ರಾಕ್ಸಿ ಆಗಬಹುದು. ಆದ್ದರಿಂದ ಮೂರು ಕುಟುಂಬದವರು ಒಬ್ಬ ಸ್ನೇಹಿತರ ಮೇಲೆ ಹೊರೆ ಹೊರಿಸಲು ಆಗದು. ವಿಮಾನ ಹತ್ತಿದ ಮೇಲೆ ಸಹಿ ನೆನಪಾದರೆ ಕಷ್ಟ. ಸೆಪ್ಟೆಂಬರ್‌ನಲ್ಲೇ ಮುಗಿಸಿ.

8. ಮತ ಇಲ್ಲದವರು ಏನು ಮಾಡಬಹುದು

ಪಿಆರ್ ಇರುವವರು ಬೇಸರ ಮಾಡಿಕೊಳ್ಳಬೇಡಿ. ಒಬ್ಬ ಅಭ್ಯರ್ಥಿಯ ಜೊತೆ ಮನೆಮನೆಗೆ ಹೋಗಬಹುದು. ಒಂಟಾರಿಯೊದಲ್ಲಿ ವಾಸವಿದ್ದರೆ ದೇಣಿಗೆ ಕೊಡಲು ಪೌರತ್ವ ಬೇಕಿಲ್ಲ. ಮಿತಿ ಒಬ್ಬ ಅಭ್ಯರ್ಥಿಗೆ 1,200 ಡಾಲರ್. 25 ಡಾಲರ್‌ಗಿಂತ ಜಾಸ್ತಿ ನಗದಾಗಿ ಕೊಡಬಾರದು. ನಿಮ್ಮ ಅಂಗಡಿಯ ಕಂಪನಿ ಖಾತೆಯಿಂದ ಕೊಡಬಾರದು, ಕಂಪನಿಗಳ ದೇಣಿಗೆಗೆ ನಿಷೇಧ ಇದೆ. ವಿದೇಶದ ನೆಂಟರ ದುಡ್ಡೂ ಬೇಡ. ಕೌನ್ಸಿಲ್ ಸಮಿತಿಗಳು ಜನರ ಅಭಿಪ್ರಾಯ ಕೇಳುವ ಸಭೆ ನಡೆಸಿದಾಗ ಹೋಗಿ ಮಾತಾಡಬಹುದು. ಅಲ್ಲಿ ಯಾರೂ ಪೌರತ್ವ ಕೇಳುವುದಿಲ್ಲ.

ಪೌರತ್ವ ಇರುವವರಲ್ಲಿ ಯಾರಿಗಾದರೂ ತಾವೇ ನಿಲ್ಲಬೇಕೆಂಬ ಮನಸ್ಸಿದ್ದರೆ, ಕೌನ್ಸಿಲರ್ ಸ್ಥಾನಕ್ಕೆ ಬೇಕಾಗುವುದು 100 ಡಾಲರ್ ಶುಲ್ಕ ಮತ್ತು 25 ಮತದಾರರ ಸಹಿ. ಮೇಯರ್ ಸ್ಥಾನಕ್ಕೆ ಶುಲ್ಕ 200 ಡಾಲರ್. ಒಂದು ಗಣೇಶೋತ್ಸವಕ್ಕೆ ಸೇರುವ ಜನರಲ್ಲೇ 25 ಸಹಿ ಸಿಗುತ್ತದೆ. ಪ್ರಚಾರ ಮಾಡುವುದು ಬೇರೆ ಮಾತು, ಅದಕ್ಕೆ ಇಡೀ ಬೇಸಿಗೆ ಬೇಕು.

ಹೊಸ ಕೌನ್ಸಿಲ್ ಅಧಿಕಾರ ವಹಿಸಿಕೊಳ್ಳುವುದು ನವೆಂಬರ್ 15ಕ್ಕೆ. ಆ ವಾರವೇ ನಿಮ್ಮ ವಾರ್ಡ್ ಕೌನ್ಸಿಲರ್ ಕಚೇರಿಯ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಡಿಸೆಂಬರ್‌ನಲ್ಲಿ ಮೊದಲ ದೊಡ್ಡ ಹಿಮ ಬಿದ್ದು ಬಸ್‌ಸ್ಟಾಪ್ ಮುಚ್ಚಿಹೋದಾಗ ಕರೆ ಮಾಡಬೇಕಾಗಿರುವುದು ಅಲ್ಲಿಗೇ.